ಟೆಸ್ಟ್ ಪಾಸ್, ರಿಪೋರ್ಟ್ ಫೇಲ್: ಒಡಿಬಿಸಿಯ ಕಿತಾಪತಿ

ನಮಸ್ಕಾರ! ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ನಮ್ಮ ವೀಕ್ಷಕರೊಬ್ಬರು ಎರಡು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಮೊದಲನೆಯದರಲ್ಲಿ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಕನೆಕ್ಷನ್ ಟೆಸ್ಟ್ ಮಾಡಿದ್ದಾರೆ, "ಟೆಸ್ಟ್ಸ್ ಕಂಪ್ಲೀಟೆಡ್ ಸಕ್ಸಸ್‌ಫುಲಿ!" ಅಂತ ಖುಷಿಯಾಗಿ ಬಂದಿದೆ. ಎರಡನೆಯದರಲ್ಲಿ ಅದೇ ಕಂಪ್ಯೂಟರ್, ಅದೇ ಪಾಸ್‌ವರ್ಡ್, ಆದರೆ ರಿಪೋರ್ಟ್ ಸಾಫ್ಟ್‌ವೇರ್ "ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್" ಅಂತಿದೆ. "ಸರ್, ಯಾರನ್ನ ನಂಬಲಿ?" ಅಂತ ಕೇಳಿದ್ದಾರೆ.

ಇಬ್ಬರನ್ನೂ ನಂಬಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಬೇಸಿಕ್ಸ್ ಬೇಗ ಮುಗಿಸೋಣ. ರಿಪೋರ್ಟ್ ಸಾಫ್ಟ್‌ವೇರಿಗೂ ಡೇಟಾಬೇಸಿಗೂ ನಡುವೆ ಒಂದು ಡ್ರೈವರ್, ಅಂದರೆ ಮಾತು ತಲುಪಿಸುವ ಚಿಕ್ಕ ಪ್ರೋಗ್ರಾಂ ಬೇಕು. ಯಾವ ಡೇಟಾಬೇಸ್ ಆದರೂ ಒಂದೇ ರೀತಿ ಮಾತಾಡಿಸಲಿ ಅಂತ 1992ರಲ್ಲಿ ಮೈಕ್ರೋಸಾಫ್ಟ್ ತಂದದ್ದು ಒಡಿಬಿಸಿ. ಸರ್ವರ್ ಎಲ್ಲಿದೆ, ಡೇಟಾಬೇಸ್ ಯಾವುದು, ಡ್ರೈವರ್ ಯಾವುದು ಅನ್ನುವುದನ್ನೆಲ್ಲ ಒಂದು ಹೆಸರಿಟ್ಟು ಸೇವ್ ಮಾಡಿದರೆ ಅದೇ ಡಿಎಸ್‌ಎನ್, ಅಂದರೆ ಡೇಟಾ ಸೋರ್ಸ್ ನೇಮ್. ಅಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರೋಣ.

[ಸ್ಕ್ರೀನ್: ವಿಂಡೋಸ್ ಫೋಲ್ಡರ್]

ಪ್ರೋಗ್ರಾಂಗಳಲ್ಲಿ ಎರಡು ಬಗೆ: ಹಳೇ ಕಾಲದ 32 ಬಿಟ್, ಆಮೇಲೆ ಬಂದ 64 ಬಿಟ್. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಸೆಟ್ಟಿಂಗ್ಸ್ ಕಿಟಕಿ ಒಂದಲ್ಲ, ಎರಡಿದೆ. 64 ಬಿಟ್ ಪ್ರೋಗ್ರಾಂಗಳಿಗೆ ಒಂದು, 32 ಬಿಟ್ ಪ್ರೋಗ್ರಾಂಗಳಿಗೆ ಇನ್ನೊಂದು. ಎರಡೂ ಫೈಲಿನ ಹೆಸರು ಒಡಿಬಿಸಿಎಡಿ32 (odbcad32). ಒಂದು ಸಿಸ್ಟಮ್32 ಫೋಲ್ಡರಿನಲ್ಲಿದೆ, ಇನ್ನೊಂದು ಸಿಸ್‌ವಾವ್64ರಲ್ಲಿ (SysWOW64). 32 ಬಿಟ್‌ನದ್ದು ಯಾವ ಫೋಲ್ಡರಿನಲ್ಲಿರಬಹುದು? ಸಿಸ್ಟಮ್32 ಅಂದಿರಾ? ತಪ್ಪು! ಸಿಸ್ಟಮ್32ರಲ್ಲಿರುವುದು 64 ಬಿಟ್‌ನದ್ದು, ಸಿಸ್‌ವಾವ್64ರಲ್ಲಿರುವುದು 32 ಬಿಟ್‌ನದ್ದು. ಸುಮ್ನೆ ಹೇಳ್ತಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ನೋಡಿ.

ಇದನ್ನ ಮಾಡಿದವರಿಗೆ ತಲೆ ಕೆಟ್ಟಿತ್ತಾ? ಇಲ್ಲ. ನಮ್ಮ ಮೆಜೆಸ್ಟಿಕ್ ನೆನೆಸಿಕೊಳ್ಳಿ. ಆ ಹೆಸರು ತಂದ ಮೆಜೆಸ್ಟಿಕ್ ಥಿಯೇಟರ್ ಈಗಿಲ್ಲ, ಬಸ್ ನಿಲ್ದಾಣದ ಬೋರ್ಡಿನಲ್ಲಿ ಕೆಂಪೇಗೌಡರ ಹೆಸರಿದೆ, ಆದರೂ ಕಂಡಕ್ಟರ್ ಕೂಗುವುದು "ಮೆಜೆಸ್ಟಿಕ್ ಮೆಜೆಸ್ಟಿಕ್" ಅಂತಲೇ, ಹತ್ತುವವರು ಕೇಳುವುದೂ ಅದನ್ನೇ. ಸಾವಿರಾರು ಪ್ರೋಗ್ರಾಂಗಳ ಬಾಯಲ್ಲಿ ಸಿಸ್ಟಮ್32 ಹಾಗೇ ಕೂತುಬಿಟ್ಟಿತ್ತು, ಕೋಡ್ ಒಳಗೇ ಆ ಹೆಸರು ಬರೆದಿದ್ದರು. ಬದಲಾಯಿಸಿದರೆ ಎಲ್ಲಾ ಕೆಡುತ್ತೆ ಅಂತ ಹೆಸರು ಉಳಿಸಿ ಒಳಗಿನ ಸಾಮಾನು ಬದಲಾಯಿಸಿದರು. ಇನ್ನೂ ಮಜಾ ಅಂದರೆ, 32 ಬಿಟ್ ಪ್ರೋಗ್ರಾಂ ಬಂದು "ಸಿಸ್ಟಮ್32 ಎಲ್ಲಿ?" ಅಂತ ಕೇಳಿದರೆ ವಿಂಡೋಸ್ ಅದಕ್ಕೆ ಗೊತ್ತೇ ಆಗದ ಹಾಗೆ ಸಿಸ್‌ವಾವ್64ಕ್ಕೆ ಕರೆದುಕೊಂಡು ಹೋಗುತ್ತೆ. ನನ್ನ ಪ್ರಕಾರ ಇದು ಜಾಣತನ, ಆದರೆ ನಮ್ಮಂಥವರಿಗೆ ತಲೆನೋವು!

ಪೀಣ್ಯದವರು ಸಿಸ್ಟಮ್ ಡಿಎಸ್‌ಎನ್ (ಆ ಕಂಪ್ಯೂಟರಿನ ಎಲ್ಲ ಯೂಸರ್‌ಗಳಿಗೂ ಸಿಗುವಂಥದ್ದು) ಮಾಡಿದ್ದು 64 ಬಿಟ್ ಕಿಟಕಿಯಲ್ಲಿ. ಅವರ ರಿಪೋರ್ಟ್ ಸಾಫ್ಟ್‌ವೇರ್ ಹಳೇದು, 32 ಬಿಟ್. ಅದು ನೋಡುವ ಸಿಸ್ಟಮ್ ಡಿಎಸ್‌ಎನ್ ಪಟ್ಟಿಯೇ ಬೇರೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಪ್ರೋಗ್ರಾಂ ಹೆಸರಿನ ಪಕ್ಕ "32 ಬಿಟ್" ಅಂತ ಇದೆಯಾ ನೋಡಿ. ಇದ್ದರೆ ಸಿಸ್‌ವಾವ್64 ಒಳಗಿನ ಒಡಿಬಿಸಿ ಕಿಟಕಿ ತೆರೆದು ಅದೇ ಹೆಸರಲ್ಲಿ ಇನ್ನೊಂದು ಸಿಸ್ಟಮ್ ಡಿಎಸ್‌ಎನ್ ಮಾಡಿ. ಅಲ್ಲಿ ಡ್ರೈವರೇ ಕಾಣದಿದ್ದರೆ 32 ಬಿಟ್ ಡ್ರೈವರ್ ಹಾಕಿಕೊಳ್ಳಬೇಕು. "ಆರ್ಕಿಟೆಕ್ಚರ್ ಮಿಸ್‌ಮ್ಯಾಚ್" ಅನ್ನುವ ಎರರ್ ಬಂದರೂ ಕಥೆ ಇದೇ.

ಅಯ್ಯೋ, ಟೈಮ್ ಜಾಸ್ತಿ ಆಯ್ತು, ಉಳಿದದ್ದು ಒಂದೇ ಉಸಿರಿನಲ್ಲಿ. ರಿಪೋರ್ಟನ್ನ ಸರ್ವರಿಗೆ ಹಾಕುವುದಿದ್ದರೆ ಡಿಎಸ್‌ಎನ್ ಆ ಸರ್ವರ್ ಮೇಲೂ ಬೇಕು, ಅದೂ ಒಬ್ಬರ ಲಾಗಿನ್‌ಗೆ ಮಾತ್ರ ಸಿಗುವ ಯೂಸರ್ ಡಿಎಸ್‌ಎನ್ ಅಲ್ಲ, ಸಿಸ್ಟಮ್ ಡಿಎಸ್‌ಎನ್. ಮತ್ತೆ ಅಲ್ಲಿ "ಲೋಕಲ್‌ಹೋಸ್ಟ್" ಅಂತ ಬರೆದರೆ ನಿಮ್ಮ ಮಷೀನ್ ಅಲ್ಲ, ಆ ಸರ್ವರೇ ಅಂತ ಅರ್ಥ. ಪೋರ್ಟ್, ಅಂದರೆ ಡೇಟಾಬೇಸ್ ತಲುಪುವ ಬಾಗಿಲಿನ ನಂಬರ್, ಸಾಮಾನ್ಯವಾಗಿ ಎಸ್‌ಕ್ಯೂಎಲ್ ಸರ್ವರಿಗೆ 1433, ಬೇರೆ ಡೇಟಾಬೇಸ್‌ಗಳಾದ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ರಿಪೋರ್ಟಿಗೆ ಅಡ್ಮಿನ್ ಲಾಗಿನ್ ಕೊಡಬೇಡಿ ಮಾರಾಯ್ರೇ, ಬರೀ ಓದುವ ಹಕ್ಕಿರುವ ಯೂಸರ್ ಸಾಕು.

ಕೊನೇದು, ಮೈಎಸ್‌ಕ್ಯೂಎಲ್ ಬಳಸುವವರಿಗೆ. ಡ್ರೈವರ್ ಪಟ್ಟಿಯಲ್ಲಿ ಎಎನ್‌ಎಸ್‌ಐ, ಯೂನಿಕೋಡ್ ಅಂತ ಎರಡು ಕಾಣುತ್ತೆ. ಕನ್ನಡದಂಥ ಭಾಷೆಗಳ ಅಕ್ಷರವನ್ನೂ ಹಿಡಿಯುವ ಯೂನಿಕೋಡ್ ತಗೊಳ್ಳಿ, ಇಲ್ಲದಿದ್ದರೆ ಕನ್ನಡದಲ್ಲಿರುವ ಗ್ರಾಹಕರ ಹೆಸರೆಲ್ಲ "????" ಆಗಿ ಪ್ರಿಂಟ್ ಆಗಬಹುದು. ಯೂನಿಕೋಡ್ ಹಾಕಿದ ಮೇಲೂ ಪ್ರಶ್ನೆ ಚಿಹ್ನೆ ಹೋಗದಿದ್ದರೆ, ಡೇಟಾಬೇಸಿನ ಟೇಬಲ್ ತೆರೆದು ಒಳಗೇ ನೋಡಿ. ಅಲ್ಲೂ "????" ಇದ್ದರೆ ಎಂಟ್ರಿ ಮಾಡುವಾಗಲೇ ಹೆಸರು ಹಾಳಾಗಿದೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನವರನ್ನ ಹಿಡಿದು ಕೇಳಿ.