ದಿ ಕಾಫ್: ಜನ ಕಡಿಮೆ, ಹುಲ್ಲು ಜಾಸ್ತಿ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವ ಎಷ್ಟೋ ಕಾರುಗಳು ಎಂ6 ಹೆದ್ದಾರಿಯಲ್ಲಿ ಈ ಗುಡ್ಡಗಳ ಬುಡದಲ್ಲೇ ಸಾಗುತ್ತವೆ. ಜನ ಕಿಟಕಿಯಿಂದ ಒಮ್ಮೆ ನೋಡಿ ಮುಂದೆ ಹೋಗಿಬಿಡುತ್ತಾರೆ. ಹೋಗಲಿ ಬಿಡಿ, ನಮಗೆ ಜಾಗ ಖಾಲಿ!

ಇವು ಹೌಗಿಲ್ ಫೆಲ್ಸ್. ಇವುಗಳಲ್ಲಿ ಎಲ್ಲಕ್ಕಿಂತ ಎತ್ತರ ದಿ ಕಾಫ್, 676 ಮೀಟರ್. ಸೆಡ್‌ಬರ್ ಊರಿನ ಹಿಂದೆಯೇ ಏರು ಶುರು. ಮೊದಲರ್ಧ ಗಂಟೆ ಚೆನ್ನಾಗಿ ಏದುಸಿರು ಬರುತ್ತದೆ. ಗುಡ್ಡದ ಬೆನ್ನು ಸಿಕ್ಕ ಮೇಲೆ ನಡಿಗೆ ಆರಾಮ.

ಕಾಲಡಿ ನೋಡಿ, ಬರೀ ಹುಲ್ಲು. ಪಶ್ಚಿಮಕ್ಕೆ ಲೇಕ್ ಡಿಸ್ಟ್ರಿಕ್ಟ್‌ನ ಒರಟು ಜ್ವಾಲಾಮುಖಿ ಬಂಡೆ, ಪೂರ್ವಕ್ಕೆ ಯಾರ್ಕ್‌ಶೈರ್ ಡೇಲ್ಸ್‌ನ ಸುಣ್ಣಕಲ್ಲು. ನಡುವೆ ಇದು, ಸಮುದ್ರದ ತಳದಲ್ಲಿ ಕೂತ ಮರಳು, ಕೆಸರು ಗಟ್ಟಿಯಾಗಿ ಆದ ಕಲ್ಲು. ವಯಸ್ಸು 40 ಕೋಟಿ ವರ್ಷಕ್ಕೂ ಜಾಸ್ತಿ. ಸವೆದು ಸವೆದು ಎಲ್ಲ ದುಂಡಗಾಗಿದೆ. ಮೇಲೆಲ್ಲ ಗೋಮಾಳ. ಸುತ್ತಲಿನ ರೈತರ ರಫ್ ಫೆಲ್ ತಳಿಯ ಕುರಿಗಳು ಮೇಯುತ್ತವೆ, ಕುಳ್ಳ ಕುದುರೆಗಳು ಬಿಡುಬೀಸಾಗಿ ಓಡಾಡುತ್ತವೆ. ಚಿಗುರಿದ್ದನ್ನೆಲ್ಲ ಕುರಿ ತಿಂದರೆ ಮರ ಎಲ್ಲಿಂದ ಬರಬೇಕು? ಬೋಳು ಅಂತ ಬೇಸರಪಡುವವರೂ ಇದ್ದಾರೆ. ನನಗಂತೂ ಈ ಬೋಳುತನವೇ ಇಷ್ಟ.

ಆದರೆ ಒಂದು ವಿಷಯ. ಪೂರ್ವದ ಡೇಲ್ಸ್ ಕಡೆ ಕಲ್ಲಿನ ಗೋಡೆ ಹಿಡಿದು ನಡೆದರೆ ದಾರಿ ತಪ್ಪುವುದು ಕಷ್ಟ. ಇಲ್ಲಿ ಮೇಲೆ ಗೋಡೆಗಳೇ ಅಪರೂಪ. ಮಂಜು ಇಳಿದರೆ ಎಲ್ಲ ಬೆನ್ನುಗಳೂ ಒಂದೇ ಥರ ಕಾಣುತ್ತವೆ. ತಪ್ಪು ಬೆನ್ನು ಹಿಡಿದು ಇಳಿದಿರೋ, ಬೇರೆ ಕಣಿವೆ ಸೇರುತ್ತೀರಿ. ಇಳಿಜಾರು ಕೆಳಗೆ ಹೋದಂತೆ ಕಡಿದಾಗುವುದರಿಂದ ಮೇಲೆ ನಿಂತರೆ ಬುಡ ಕಾಣುವುದೇ ಇಲ್ಲ. ಪೂರ್ವಕ್ಕೆ ಕಾಟ್ಲಿ ಕ್ರಾಗ್ ಅನ್ನುವ ನಿಜವಾದ ಪ್ರಪಾತವೇ ಇದೆ. ಹಾಗಾಗಿ ಫೋನ್ ಇದ್ದರೂ ಕಾಗದದ ನಕ್ಷೆ, ದಿಕ್ಸೂಚಿ ಚೀಲದಲ್ಲಿರಲಿ. ಸುಲಭದ ಗುಡ್ಡ ಅಂತ ಸುಮ್ನೆ ಹೊರಡಬೇಡಿ.

ತುದಿಯಲ್ಲಿರುವುದು ಸರ್ವೆಯವರ ಒಂದು ಗಿಡ್ಡ ಕಂಬ, ಅಷ್ಟೇ. ತಿಳಿಯಾದ ದಿನ ಪಶ್ಚಿಮಕ್ಕೆ ಲೇಕ್ ಡಿಸ್ಟ್ರಿಕ್ಟ್‌ನ ಸಾಲು, ದಕ್ಷಿಣದ ಕಡೆ ವರ್ನ್‌ಸೈಡ್, ಇಂಗಲ್‌ಬರೋ ಬೆಟ್ಟಗಳು ಕಾಣುತ್ತವೆ.

ಇಳಿಯಲು ಎರಡು ದಾರಿ. ಬಂದ ಬೆನ್ನಿನಲ್ಲೇ ವಾಪಸ್, ಇಲ್ಲವೇ ಕಾಟ್ಲಿ ಸ್ಪೌಟ್ ಪಕ್ಕದಿಂದ. ಸ್ಪೌಟ್ ಅಂದರೆ ಹಂತ ಹಂತವಾಗಿ ಸುಮಾರು 200 ಮೀಟರ್ ಇಳಿಯುವ ಜಲಪಾತ. ನೋಡಲೇಬೇಕು ಅನ್ನುವಂಥದ್ದು. ಆದರೆ ಪಕ್ಕದ ಹಾದಿ ಕಡಿದು, ಮಳೆ ಬಿದ್ದಿದ್ದರೆ ಜಾರುತ್ತದೆ. ಇಳಿದ ಮೇಲೂ ಸೆಡ್‌ಬರ್‌ಗೆ ಸಾಕಷ್ಟು ದೂರ. ಕೆಳಗೆ ಕಾರು ಕಾಯುತ್ತಿಲ್ಲ ಅಂದರೆ ಆ ನಡಿಗೆಗೂ ಕಾಲಿನಲ್ಲಿ ಒಂದಿಷ್ಟು ಶಕ್ತಿ ಉಳಿಸಿಕೊಳ್ಳಿ.