ಕೈಕೊಟ್ಟರೆ ಕಣ್ಣ ಮುಂದೆ ಏನು ಉಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆ ತಾನೆ? ಸರಿ.

ಹೋದ ತಿಂಗಳು ನಮ್ಮವರೇ ಒಬ್ಬರು ಫೋನ್ ಮಾಡಿದ್ದರು. ನಾಲ್ಕು ಸೀಟಿನ ಪುಟ್ಟ ವಿಮಾನ, ಹಳೆಯ ಸೆಸ್ನಾ 172 ಒಂದನ್ನು ಈಗಷ್ಟೇ ಕೊಂಡಿದ್ದಾರೆ. "ಅಣ್ಣ, ಪ್ಯಾನೆಲ್ಲಿಗೆ ಅಷ್ಟೊಂದು ದುಡ್ಡು ಯಾಕೆ ಸುರೀಬೇಕು? ಎಲ್ಲಾ ಟ್ಯಾಬ್ಲೆಟ್ಟಲ್ಲೇ ಬರುತ್ತಲ್ಲ" ಎಂದು ಕೇಳಿದರು. ಪ್ಯಾನೆಲ್ ಅಂದರೆ ಪೈಲಟ್ ಮುಂದಿರುವ ಉಪಕರಣಗಳ ಹಲಗೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಇವತ್ತು ಇಲ್ಲಿ ಮಾತಾಡು ಎಂದು ನೀವು ಕರೆದಾಗ ಬೇರೆ ವಿಷಯ ಹುಡುಕಲೇ ಇಲ್ಲ. ಅವರೂ ಇಲ್ಲೇ ಕೂತಿದ್ದಾರೆ, ಯಾರು ಅಂತ ಹೇಳೋದಿಲ್ಲ.

ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ಐದರ ಒಳಗೂ ಇರುವುದು ಒಂದೇ ಪ್ರಶ್ನೆ. ಕಾಕ್‌ಪಿಟ್ಟಿಗೆ ನೀವು ಏನೇ ಹೊಸದು ತನ್ನಿ, ತರುವ ಮೊದಲು ಇದನ್ನು ಕೇಳಿಕೊಳ್ಳಿ. ಇದು ಕೈಕೊಟ್ಟರೆ, ಕತ್ತು ತಿರುಗಿಸದೆ, ನನ್ನ ಕಣ್ಣ ಮುಂದೆ ಏನು ಉಳಿಯುತ್ತದೆ?

ಒಂದು ಘಟನೆ ಹೇಳುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಮ್ಮೆ ಕೇಳಿಸಿಕೊಳ್ಳಿ. ಜೂನ್ ತಿಂಗಳು. ನಮ್ಮ ಅರಿಜೋನಾದ ಫೀನಿಕ್ಸ್‌ನ ಜೂನ್ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ನಾನೂ ನನ್ನ ಹೆಂಡತಿಯೂ ಇಲ್ಲಿನ ಡೀರ್ ವ್ಯಾಲಿ ವಿಮಾನ ನಿಲ್ದಾಣದಿಂದ ಸೆಡೋನಾಕ್ಕೆ ಹೊರಟಿದ್ದೆವು. ಮುಕ್ಕಾಲು ಗಂಟೆಯ ದಾರಿ, ಬೆಟ್ಟದ ಮೇಲಿನ ರನ್‌ವೇ, ಅಲ್ಲೇ ತಿಂಡಿ ತಿಂದು ಬಿಸಿಲೇರುವ ಮೊದಲು ವಾಪಸ್ ಬರುವುದು ಎಂದು ಲೆಕ್ಕ. ಹೊರಡುವಾಗಲೇ ಹತ್ತು ಗಂಟೆ ಆಗಿಹೋಗಿತ್ತು. ಟ್ಯಾಬ್ಲೆಟ್ಟನ್ನು ವಿಂಡ್‌ಶೀಲ್ಡಿನ ಎಡಮೂಲೆಗೆ ಸಕ್ಷನ್ ಕಪ್‌ನಲ್ಲಿ ಅಂಟಿಸಿದ್ದೆ. ಕಪ್ಪು ಕವರ್. ಚಾರ್ಜಿಂಗ್ ವೈರ್ ಸಿಕ್ಕಿಸಿದ್ದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದೆ. ವಿಮಾನ ನಿಲ್ಲಿಸುವ ರ‍್ಯಾಂಪಿನಲ್ಲೇ ಮುಟ್ಟಿದರೆ ದೋಸೆ ಹಂಚಿನ ಹಾಗೆ ಕಾಯುತ್ತಿತ್ತು. ಮೇಲೆ ಹೋದರೆ ತಣ್ಣಗಾಗುತ್ತದೆ ಎಂದುಕೊಂಡೆ.

ಹೈವೇ 17 ಹಿಡಿದು ಉತ್ತರಕ್ಕೆ ಹೋಗುತ್ತಿದ್ದೇವೆ. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದೆವು. ಪರದೆ ಮೊದಲು ಮಂಕಾಯಿತು. ಆಮೇಲೆ ಮ್ಯಾಪ್ ಹೋಯಿತು, ಒಂದು ಥರ್ಮಾಮೀಟರ್ ಚಿತ್ರ ಬಂತು. ಅಷ್ಟೇ. ಕಥೆ ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಆಕಾಶ ಶುಭ್ರವಾಗಿದೆ, ಕೆಳಗೆ ಹೈವೇ ಕಾಣುತ್ತಿದೆ, ಪ್ಯಾನೆಲ್ಲಿನಲ್ಲಿ ಜಿಪಿಎಸ್ ಇದೆ. ಟ್ಯಾಬ್ಲೆಟ್ ಇಲ್ಲದಿದ್ದರೆ ಏನೂ ಆಗಬೇಕಿರಲಿಲ್ಲ. ಆದರೆ ನಾನು ಏನು ಮಾಡಿದೆ? ಅದನ್ನು ಮೌಂಟಿನಿಂದ ಕಿತ್ತೆ. ಕವರ್ ಬಿಚ್ಚಿದೆ. ಗಾಳಿ ಬರುವ ವೆಂಟ್‌ಗೆ ಹಿಡಿದೆ. ಆನ್ ಆಗುತ್ತದಾ ಎಂದು ಒತ್ತಿ ಒತ್ತಿ ನೋಡಿದೆ. ವೈರ್ ಎಲ್ಲೋ ಸಿಕ್ಕಿಕೊಂಡಿತು, ಬಗ್ಗಿ ಬಿಡಿಸಿದೆ. ಆಗ ಪಕ್ಕದಿಂದ ನನ್ನವಳು, "ರೀ, ಆ ಕಡೆಯಿಂದ ಒಂದು ವಿಮಾನ ಬರ್ತಿದೆ ನೋಡ್ರೀ" ಎಂದಳು. ತಲೆ ಎತ್ತಿದೆ. ಬಲಗಡೆಯಿಂದ ಒಂದು ವಿಮಾನ ಅಡ್ಡ ಬರುತ್ತಿತ್ತು, ಹೆಚ್ಚುಕಡಿಮೆ ನಮ್ಮದೇ ಎತ್ತರದಲ್ಲಿ. ನಾವು 300 ಅಡಿ ಇಳಿದಿದ್ದೆವು. ಹೆಡಿಂಗ್, ಅಂದರೆ ವಿಮಾನದ ಮೂತಿ ಇರುವ ದಿಕ್ಕು, 30 ಡಿಗ್ರಿ ತಪ್ಪಿತ್ತು. ನನಗೆ ಗೊತ್ತೇ ಇಲ್ಲ.

ಆ ದಿನ ಕೈಕೊಟ್ಟದ್ದು ಟ್ಯಾಬ್ಲೆಟ್ ಒಂದೇ ಅಲ್ಲ, ನನ್ನ ಗಮನವೂ ಕೈಕೊಟ್ಟಿತು. ಅದು ಸುಮ್ನೆ ಆರಿಹೋಗಿದ್ದರೆ ಪರವಾಗಿರಲಿಲ್ಲ. ಅದು ನನ್ನ ಕಣ್ಣುಗಳನ್ನೂ ತನ್ನ ಜೊತೆ ಒಳಗೆ ಎಳೆದುಕೊಂಡಿತು. ಸೆಡೋನಾದಲ್ಲಿ ಇಳಿದು ಕಾಫಿ ಕುಡಿಯುವಾಗಲೂ ಕೈ ನಡುಗುತ್ತಿತ್ತು. ನನ್ನವಳು ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಹೊರಗೇ ನೋಡುತ್ತಾ ಕೂತಿದ್ದಳು, ನನ್ನ ಪಾಲಿನದನ್ನೂ ಸೇರಿಸಿ.

ಐಪ್ಯಾಡಿನಂಥ ಟ್ಯಾಬ್ಲೆಟ್‌ಗಳನ್ನು ಬಳಸಬೇಕಾದ ತಾಪಮಾನ 0ಯಿಂದ 35 ಡಿಗ್ರಿ ಎಂದು ಮಾಡಿದವರೇ ಬರೆದಿದ್ದಾರೆ. ನಮ್ಮೂರಿನಲ್ಲಿ ಬೇಸಿಗೆಯಲ್ಲಿ 43, 44 ಮಾಮೂಲಿ. ಮುಚ್ಚಿದ ಕಾಕ್‌ಪಿಟ್ ಒಳಗೆ ಇನ್ನೂ ಜಾಸ್ತಿ. ಈಗ ನಾನು ಪೂರ್ತಿ ಚಾರ್ಜ್ ಮಾಡಿಕೊಂಡೇ ಹೋಗುತ್ತೇನೆ, ಬಿಸಿಲಲ್ಲಿ ಚಾರ್ಜಿಂಗ್ ಹಾಕುವುದಿಲ್ಲ. ಕವರ್ ಇಲ್ಲ. ವೆಂಟ್ ಗಾಳಿ ಅದರ ಬೆನ್ನಿಗೆ ಬೀಳುವ ಜಾಗದಲ್ಲಿ ಕೂರಿಸುತ್ತೇನೆ. ಆರಿದರೆ ಮುಟ್ಟುವುದಿಲ್ಲ. ಇನ್ನೊಂದು ಫೋನಿನಲ್ಲಿ ಅದೇ ಚಾರ್ಟ್‌ಗಳಿವೆ. ಅದು ಜೇಬಿನಲ್ಲಿ, ನೆರಳಿನಲ್ಲಿ ಇರುತ್ತದೆ.

ಹಾಗಾದರೆ ಟ್ಯಾಬ್ಲೆಟ್ ಎಲ್ಲಿ ಕೂರಬೇಕು? ಬಹಳ ಜನ ಯೋಕ್ ಮೇಲೆ, ಅಂದರೆ ವಿಮಾನ ತಿರುಗಿಸುವ ಹಿಡಿಕೆಯ ಮೇಲೆ, ಹಾಕುತ್ತಾರೆ. ಕಣ್ಣಿಗೆ ಹತ್ತಿರ, ಕೈಗೆ ಹತ್ತಿರ. ನಮ್ಮ 1975ರ 172ಎಂಗೆ ಮೂವರು ಪಾಲುದಾರರು. ಒಮ್ಮೆ ಹತ್ತಿಂಚಿನ ಟ್ಯಾಬ್ಲೆಟ್ಟಿಗೆ ಯೋಕ್ ಕ್ಲ್ಯಾಂಪ್ ತಂದು ಹ್ಯಾಂಗರ್‌ನಲ್ಲಿ ಹಾಕಿ ನೋಡಿದೆವು. ನಾನು ಕೂತು ನಾಲ್ಕೂ ಕಡೆ ಆಡಿಸಿದೆ, ಎಲ್ಲೂ ತಾಗಲಿಲ್ಲ. ಆಮೇಲೆ ನಮ್ಮ ಪಾಲುದಾರರೊಬ್ಬರು ಕೂತರು. ಆರು ಅಡಿ ಎರಡು ಇಂಚಿನ ಮನುಷ್ಯ. ಯೋಕನ್ನು ಪೂರ್ತಿ ಹಿಂದಕ್ಕೆ ಎಳೆದು ಎಡಕ್ಕೆ ತಿರುಗಿಸಿದರು. ಟ್ಯಾಬ್ಲೆಟ್ಟಿನ ಎಡಗಡೆಯ ಕೆಳಮೂಲೆ ಅವರ ತೊಡೆಗೆ ಒತ್ತಿ ನಿಂತೇಬಿಟ್ಟಿತು. ಇನ್ನೂ ಎರಡು ಬೆರಳಷ್ಟು ತಿರುಗಬೇಕಿತ್ತು. ತಿರುಗಲಿಲ್ಲ.

ಯೋಚನೆ ಮಾಡಿ. ಎಡಗಡೆಯಿಂದ ಕ್ರಾಸ್‌ವಿಂಡ್, ಅಡ್ಡಗಾಳಿ. ಇಳಿಯುತ್ತಿದ್ದೀರಿ. ಎಡ ರೆಕ್ಕೆಯನ್ನು ಗಾಳಿಗೆ ತಗ್ಗಿಸಿ ಹಿಡಿಯಬೇಕು, ಯೋಕ್ ಹಿಂದಕ್ಕೆ ಬರುತ್ತಿರಬೇಕು. ಸರಿಯಾಗಿ ಅಲ್ಲೇ, ಅದೇ ಗಳಿಗೆಯಲ್ಲಿ ಅದು ತೊಡೆಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಹಾರುವಾಗ ಅಷ್ಟು ದೂರ ಯೋಕ್ ತಿರುಗಿಸುವುದೇ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ನೆಲದ ಹತ್ತಿರ. ಚೆಕ್‌ಲಿಸ್ಟಿನಲ್ಲಿ ಕಂಟ್ರೋಲ್ಸ್ ಫ್ರೀ ಅಂಡ್ ಕರೆಕ್ಟ್ ಎಂದು ಓದುತ್ತೀರಲ್ಲ, ಹಿಡಿಕೆ ತಡೆಯಿಲ್ಲದೆ ಸರಿಯಾಗಿ ಆಡುತ್ತದಾ ಎಂಬ ಪರೀಕ್ಷೆ, ಅದನ್ನು ಮೌಂಟ್ ಹಾಕಿದ ಮೇಲೆ, ಸೀಟು ಮುಂದೆ ಎಳೆದುಕೊಂಡು, ಬೆಲ್ಟ್ ಕಟ್ಟಿಕೊಂಡು, ವೈರ್ ಸಿಕ್ಕಿಸಿ ಮಾಡಿ. ಹಾರುವ ಪ್ರತಿಯೊಬ್ಬರೂ ಮಾಡಬೇಕು. ನಾವು ಆ ಕ್ಲ್ಯಾಂಪನ್ನು ವಾಪಸ್ ಮಾಡಿ ಚಿಕ್ಕ ಟ್ಯಾಬ್ಲೆಟ್ ತಗೊಂಡೆವು.

ತೊಡೆಗೆ ಕಟ್ಟಿಕೊಂಡರೆ? ಬಿಸಿಲು ತಾಗುವುದಿಲ್ಲ, ಯೋಕಿಗೆ ಅಡ್ಡ ಬರುವುದೂ ಕಡಿಮೆ. ಆದರೆ ಪ್ರತಿಸಲ ಕತ್ತು ಬಗ್ಗಿಸಬೇಕು. ಮೋಡದ ಒಳಗೆ, ತಿರುಗುತ್ತಿರುವಾಗ, ತಟ್ಟನೆ ಕತ್ತು ಬಗ್ಗಿಸಿ ಎತ್ತಿದರೆ ಒಳಕಿವಿ ಏನು ಮಾಡುತ್ತದೆ ಎಂದು ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡಿದವರಿಗೆ ಗೊತ್ತು. ವಿಮಾನ ಮಗುಚುತ್ತಿದೆ ಎನಿಸುತ್ತದೆ.

ನಾನು ಮೊದಲಿಂದ ಕತ್ತು, ಕತ್ತು ಎನ್ನುತ್ತಿರುವುದು ಅದಕ್ಕೇ. 2000ದ ಅಕ್ಟೋಬರ್ 16ರ ರಾತ್ರಿ ಮಿಸ್ಸೂರಿಯ ಗವರ್ನರ್ ಮೆಲ್ ಕಾರ್ನಹನ್ ಇದ್ದ ಸೆಸ್ನಾ 335 ಸೇಂಟ್ ಲೂಯಿಸ್ ಹತ್ತಿರ ಬಿತ್ತು. ಹಾರಿಸುತ್ತಿದ್ದವರು ಅವರ ಮಗ. ಕೆಟ್ಟ ಹವೆ, ಕತ್ತಲು. ಪೈಲಟ್ ಮುಂದಿದ್ದ ಆಟಿಟ್ಯೂಡ್ ಇಂಡಿಕೇಟರ್, ಅಂದರೆ ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಉಪಕರಣ, ಕೆಟ್ಟಿತ್ತು. ಬಲಗಡೆ ಸೀಟಿನ ಮುಂದೆ ಇನ್ನೊಂದು ಇತ್ತು. ಅದನ್ನು ನೋಡಿಕೊಂಡು ಹಾರಿಸಬೇಕೆಂದರೆ ಕತ್ತು ಬಲಕ್ಕೆ ತಿರುಗಿಸುತ್ತಲೇ ಇರಬೇಕು. ದಿಕ್ಕು ತಪ್ಪಿದ ಭ್ರಮೆಯಿಂದ ವಿಮಾನ ಹತೋಟಿ ಮೀರಿತು ಎಂದು ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿಯ ವರದಿ ಹೇಳಿತು. ಆ ಇಂಡಿಕೇಟರ್ ಕೆಟ್ಟದ್ದೂ ಹವೆಯೂ ಅದಕ್ಕೆ ಕೂಡಿಬಂದವು ಎಂದಿತು. ಒಳ್ಳೆಯ ಉಪಕರಣ ಆ ವಿಮಾನದಲ್ಲೇ ಇತ್ತು, ಸ್ನೇಹಿತರೇ. ಕಣ್ಣ ಮುಂದೆ ಇರಲಿಲ್ಲ.

ನಮ್ಮ ಹಳೇ 172ಗಳಲ್ಲಿ ಆಟಿಟ್ಯೂಡೂ ಹೆಡಿಂಗೂ ಎರಡೂ ಒಂದೇ ವ್ಯಾಕ್ಯೂಮ್ ಪಂಪನ್ನು ನಂಬಿಕೊಂಡಿರುತ್ತವೆ. ಪಂಪ್ ಎಳೆಯುವ ಗಾಳಿಯಿಂದಲೇ ಅವುಗಳೊಳಗಿನ ಜೈರೋ ಚಕ್ರ ತಿರುಗುವುದು. ಪಂಪಿನೊಳಗೆ ಕಾರ್ಬನ್ ಎಲೆಗಳು ತಿರುಗುತ್ತವೆ. ಮುರಿದರೆ ಒಂದೇ ಸಲಕ್ಕೆ ಮುರಿಯುತ್ತವೆ. ಆದರೆ ಜೈರೋ ಕೂಡಲೇ ನಿಲ್ಲುವುದಿಲ್ಲ. ನಿಧಾನವಾಗಿ ವೇಗ ಕಳೆದುಕೊಳ್ಳುತ್ತಾ, ಗೆರೆ ಮೆಲ್ಲಗೆ ವಾಲುತ್ತದೆ. ನೀವೂ ಅದರ ಜೊತೆ ಮೆಲ್ಲಗೆ ವಾಲುತ್ತೀರಿ. ಕೆಂಪು ಅಡ್ಡಗೆರೆ ಬಂದು ಕೆಟ್ಟಿದ್ದೇನೆ ಎಂದು ಹೇಳುವ ಉಪಕರಣ ಒಳ್ಳೆಯದು. ಸುಳ್ಳು ಹೇಳುತ್ತಾ ಸಾಯುವ ಉಪಕರಣ ಬಹಳ ಕೆಟ್ಟದ್ದು.

2020ರ ಜನವರಿ 1ರಿಂದ ನಮ್ಮ ಕಡೆಯ ಆಕಾಶಕ್ಕೆ, ವಿಮಾನ ತಾನೆಲ್ಲಿದ್ದೇನೆ ಎಂದು ತಾನೇ ಬಿತ್ತರಿಸುವ ಎಡಿಎಸ್-ಬಿ ಕಡ್ಡಾಯವಾಯಿತಲ್ಲ, ಅದಕ್ಕಾಗಿ ಹೇಗೂ ಪ್ಯಾನೆಲ್ ಬಿಚ್ಚಬೇಕಿತ್ತು. ಆಗಲೇ ಎರಡು ಜಿ5, ಗಾರ್ಮಿನ್‌ನ ಪುಟ್ಟ ಡಿಜಿಟಲ್ ಪರದೆಗಳನ್ನು, ಹಾಕಿಸಿದೆವು. ಮೇಲಿನದು ಆಟಿಟ್ಯೂಡ್, ಅದರ ಕೆಳಗೇ ಹೆಡಿಂಗ್. ಮೇಲಿನದು ಹೋದರೆ ಕೆಳಗಿನದು ಆಟಿಟ್ಯೂಡ್ ತೋರಿಸುತ್ತದೆ. ಕರೆಂಟ್ ಕೊಡುವ ಆಲ್ಟರ್ನೇಟರ್ ಹೋದರೆ ಅವುಗಳ ಬ್ಯಾಟರಿ 4 ಗಂಟೆಯವರೆಗೆ ಬರುತ್ತದೆ. ವ್ಯಾಕ್ಯೂಮ್ ಪಂಪ್ ಕಳಚಿ ಆಚೆ ಇಟ್ಟೆವು. ನನ್ನ ಪ್ರಶ್ನೆಗೆ ಉತ್ತರ ಆರು ಇಂಚಿನೊಳಗೆ ಇದೆ, ಕತ್ತು ಅಲ್ಲಾಡಿಸಬೇಕಿಲ್ಲ. ದುಡ್ಡು ಸುರಿದರೆ ಮೊದಲು ಇಲ್ಲಿಗೆ ಸುರಿಯಿರಿ. ದೊಡ್ಡ ಮ್ಯಾಪ್ ಪರದೆ ಆಮೇಲೆ ಬರಲಿ. ಮ್ಯಾಪ್ ತೋರಿಸುವ ಕೆಲಸವನ್ನು ಟ್ಯಾಬ್ಲೆಟ್ ಚೆನ್ನಾಗಿಯೇ ಮಾಡುತ್ತದೆ, ಅದನ್ನು ಖಂಡಿತ ಒಪ್ಪುತ್ತೇನೆ.

ಪ್ಯಾನೆಲ್ ಬಿಚ್ಚಿದ ದಿನ ಹೋಗಿ ನೋಡಿ, ಇದೊಂದು ಮಾತು ಕೇಳಿ. ಹಿಂದೆ ಕೈ ಹಾಕಿದರೆ ಬೇಲಿಬಳ್ಳಿಯ ಹಾಗೆ ವೈರು. ನಮ್ಮದರಲ್ಲಿ ಯಾವಾಗಲೋ ತೆಗೆದ, ದಿಕ್ಕು ತೋರಿಸುವ ಹಳೇ ರೇಡಿಯೋ ಎಡಿಎಫ್‌ನ ವೈರುಗಳು ಹಾಗೇ ಇದ್ದವು, ಬಾಯಿಗೆ ಟೇಪ್ ಸುತ್ತಿ ಬಿಟ್ಟಿದ್ದರು. ಒಂದು ಕಟ್ಟು, ನನ್ನ ಹೆಬ್ಬೆರಳಿನಷ್ಟು ದಪ್ಪ. ಒಂದರ ಸಿಪ್ಪೆ ಒಣಗಿ ಮುಟ್ಟಿದರೆ ಉದುರುತ್ತಿತ್ತು, ಒಳಗೆ ತಾಮ್ರ ಕಾಣುತ್ತಿತ್ತು. ಹೊಸ ಪರದೆ ಹಾಕಿಸುವಾಗ ಸತ್ತ ವೈರುಗಳನ್ನು ತೆಗೆಯುವುದಕ್ಕೂ ಕೂಲಿ ಮಾತಾಡಿ. ಚೌಕಾಸಿ ಮಾಡಬೇಡಿ. ಕೆಲಸ ಮುಗಿದ ಮೇಲೆ ಮಾರ್ಪಾಡಿನ ದಾಖಲೆ ಫಾರ್ಮ್ 337, ಲಾಗ್‌ಬುಕ್, ಹೊಸ ವೆಯ್ಟ್ ಅಂಡ್ ಬ್ಯಾಲೆನ್ಸ್, ಇವೆಲ್ಲ ಕೈಗೆ ಬರುವವರೆಗೆ ಕೀ ಮುಟ್ಟಬೇಡಿ.

ಸಮಯ ಆಯಿತು ಎಂದು ಕೈ ತೋರಿಸುತ್ತಿದ್ದಾರೆ. ಐದರಲ್ಲಿ ಮೂರಾಗಿದೆ. ಉಳಿದದ್ದು ಬೇಗ ಹೇಳುತ್ತೇನೆ.

ಜುಲೈ ಮಾನ್ಸೂನ್ ಬಂತೆಂದರೆ ಗುಡುಗುಮೋಡಗಳು. ಟ್ಯಾಬ್ಲೆಟ್ಟಿನ ರೇಡಾರ್ ಚಿತ್ರ ನೋಡಿಕೊಂಡು ಎರಡು ಮೋಡಗಳ ನಡುವೆ ನುಸುಳಲು ಹೋಗಬೇಡಿ. ಒಂದು ನಿಮಿಷ ಹಳೆಯದು ಎಂದು ಬರೆದ ಚಿತ್ರ ನಿಜವಾಗಿ 15, 20 ನಿಮಿಷ ಹಳೆಯದಾಗಿರಬಹುದು ಎಂದು ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ. ಅಷ್ಟರಲ್ಲಿ ಆ ಕಿಂಡಿ ಮುಚ್ಚಿರುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿದರೆ ಕೆಲವು ಪರದೆಗಳು ಕಪ್ಪಾಗಿ ಕಾಣುತ್ತವೆ, ಕೊಳ್ಳುವ ಮೊದಲು ವಿಮಾನದಲ್ಲೇ ಕೂತು ನೋಡಿ. ಟ್ಯಾಬ್ಲೆಟ್ಟಿನಲ್ಲೂ ಅದರ ಕವರ್‌ನಲ್ಲೂ ಅಯಸ್ಕಾಂತ ಇರುತ್ತದೆ. ದಿಕ್ಸೂಚಿಯ ಹತ್ತಿರ ತಂದು ನೋಡಿ, ಮುಳ್ಳು ಓಡುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತು ಬಂದವರು ಇಲ್ಲಿ ಇಬ್ಬರಿದ್ದೀರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ತರಬೇತಿ ವಿಮಾನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು, ಅದಕ್ಕೆ ಹುಟ್ಟಿನಿಂದಲೇ ಗ್ಲಾಸ್ ಕಾಕ್‌ಪಿಟ್, ಮುಳ್ಳಿನ ಬದಲು ಪರದೆ. ಅಂಥದ್ದರಲ್ಲಿ ಕಲಿಯುವ ಮಕ್ಕಳು ಸಿಕ್ಸ್ ಪ್ಯಾಕ್, ಅಂದರೆ ಹಳೇ ಕಾಲದ ಆರು ಮುಳ್ಳಿನ ಉಪಕರಣಗಳನ್ನು, ನೋಡದೆಯೇ ಬರುತ್ತಾರೆ. ಅವರಿಗೂ ನನ್ನದು ಅದೇ ಪ್ರಶ್ನೆ. ಇದರ ಬಗ್ಗೆ ಜಾಸ್ತಿ ಮಾತಾಡಬೇಕೆಂದಿದ್ದೆ, ಆಗಲಿಲ್ಲ.

ನಮ್ಮ ವಿಮಾನ ಹೊರಗೆ ರ‍್ಯಾಂಪಿನಲ್ಲೇ ನಿಂತಿದೆ. ಬಾಗಿಲು ತೆಗೆದಿಟ್ಟಿದ್ದೇನೆ. ಊಟಕ್ಕೆ ಮೊದಲು ಒಬ್ಬೊಬ್ಬರೇ ಬನ್ನಿ. ನಿಮ್ಮ ಟ್ಯಾಬ್ಲೆಟ್, ನಿಮ್ಮ ಮೌಂಟ್ ತನ್ನಿ. ಎಡ ಸೀಟಿನಲ್ಲಿ ಕೂತು, ಬೆಲ್ಟ್ ಕಟ್ಟಿ, ಯೋಕನ್ನು ಪೂರ್ತಿ ಹಿಂದಕ್ಕೆ ಎಳೆದು ಎಡಕ್ಕೆ ತಿರುಗಿಸಿ ನೋಡಿ. ನಾನು ಹೊರಗೆ ನಿಂತು ರೆಕ್ಕೆಯ ಹಿಂಬದಿಯ ಏಲರಾನ್ ಪಟ್ಟಿ ಎಷ್ಟು ಮೇಲೆ ಬಂತು ಎಂದು ಕೂಗಿ ಹೇಳುತ್ತೇನೆ.