ಗಿಟಾರ್ ಎಲ್ಲಿ ಹೋಯಿತು? ‘ಕಿಡ್ ಎ’ ಕೇಳಿದವರ ಮಾತು

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಕೈಗೆ ಒಂದೊಂದು ಖಾಲಿ ಚೀಟಿ ಕೊಟ್ಟಿದ್ದೇವೆ. ಜೇಬಿಗೆ ಹಾಕಿಕೊಂಡು ಮರೆತುಬಿಡಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇವತ್ತು ಒಂದು ಆಲ್ಬಂ ಬಗ್ಗೆ ಮಾತಾಡಬೇಕು. ನಿಜ ಹೇಳಬೇಕೆಂದರೆ, ಆಲ್ಬಂಗಿಂತ ಜಾಸ್ತಿ ಅದನ್ನು ಕೇಳಿದವರ ಬಗ್ಗೆ. ಬ್ಯಾಂಡ್ ಇಂಗ್ಲೆಂಡಿನ ರೇಡಿಯೋಹೆಡ್. ಆಲ್ಬಂ ‘ಕಿಡ್ ಎ’. ಅಲ್ಲಿ ಅದು ಬಂದದ್ದು 2000ದ ಅಕ್ಟೋಬರ್ 2ರಂದು. ಕೇಳಿದವರು ಕೈ ಎತ್ತಿ ನೋಡೋಣ. ಪರವಾಗಿಲ್ಲ, ಸುಮಾರು ಜನ ಇದ್ದೀರಿ. ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಕೇಳಿದವರು? ನೋಡಿ, ಕೆಲವು ಕೈ ಮೆಲ್ಲಗೆ ಇಳಿದವು.

ನಾಚಿಕೆ ಬೇಡ. ನಾನೂ ಮೊದಲ ಸಲ ಪೂರ್ತಿ ಕೇಳಿರಲಿಲ್ಲ. ಮೂರನೇ ಹಾಡಿನಲ್ಲಿ ಒಂದು ಬೇಸ್ ಗಿಟಾರ್ ಗುಂಯ್‌ಗುಡುತ್ತಾ ಹೋಗುತ್ತದೆ. ಅದು ಚೆನ್ನಾಗಿಯೇ ಇತ್ತು. ಆಮೇಲೆ ತುತ್ತೂರಿಗಳ ಗುಂಪೊಂದು ಒಳಗೆ ನುಗ್ಗಿತು. ಕೊನೆ ಕೊನೆಗೆ ಎಲ್ಲ ತುತ್ತೂರಿಗಳೂ ಒಂದರ ಮೇಲೊಂದು ಬಿದ್ದು ಜಗಳವಾಡತೊಡಗಿದವು. ನಾನು ಎದ್ದು ಹೋಗಿ ನಿಲ್ಲಿಸಿದೆ. ಇವರಿಗೆ ಏನಾಗಿದೆ ಅಂತ ಅನ್ನಿಸಿತ್ತು.

ಹಾಗೆ ಅನ್ನಿಸಲು ಕಾರಣವಿತ್ತು. ರೇಡಿಯೋಹೆಡ್‌ನಲ್ಲಿ ಐದು ಜನ. ಮೂವರ ಕೈಯಲ್ಲಿ ಗಿಟಾರ್, ಜೊತೆಗೆ ಒಂದು ಬೇಸ್, ಒಂದು ಡ್ರಮ್ಸ್. ರಾಕ್ ಬ್ಯಾಂಡ್ ಅಂದರೆ ಕಣ್ಣ ಮುಂದೆ ಬರುವ ಚಿತ್ರವೇ ಅದು. 1997ರಲ್ಲಿ ಬಂದ ‘ಓಕೆ ಕಂಪ್ಯೂಟರ್’ ಅವರನ್ನು ಬೇರೆಯೇ ಎತ್ತರಕ್ಕೆ ಒಯ್ದಿತು. ಏರುತ್ತಾ ಹೋಗುವ ಗಿಟಾರ್, ಅದರ ಮೇಲೆ ಅಳುವಿನ ಅಂಚಿನಲ್ಲಿ ನಿಂತ, ಗಾಯಕ ಟಾಮ್ ಯಾರ್ಕ್ ಅವರ ದನಿ. ಜನಕ್ಕೆ ಅದೇ ಬೇಕಿತ್ತು. ಬೇರೆ ಬ್ಯಾಂಡ್‌ಗಳೂ ಅದೇ ದಾರಿ ಹಿಡಿದವು. ಕೇಳುಗರು ಮೂರು ವರ್ಷ ಕಾದರು. ಬರೀ ಮುಂದಿನ ಆಲ್ಬಂಗೆ ಕಾಯಲಿಲ್ಲ, ಹಿಂದಿನದರ ದೊಡ್ಡ ತಮ್ಮನಿಗೆ ಕಾದರು.

ಆ ಕಡೆ ಯಾರ್ಕ್ ಅವರಿಗೆ ಆ ದನಿಯೇ ಸಾಕಾಗಿ ಹೋಗಿತ್ತು. ಉದ್ದದ ಪ್ರವಾಸ ಮುಗಿಸಿ ಸುಸ್ತಾಗಿದ್ದರು, ಬರೆಯಲು ಕೂತರೆ ಏನೂ ಹುಟ್ಟುತ್ತಿರಲಿಲ್ಲ. ರಾಗದ ಸಹವಾಸ ಸಾಕು, ಲಯ ಮಾತ್ರ ಬೇಕು ಎನ್ನುವ ಅರ್ಥದ ಮಾತನ್ನು ಅವರೇ ಆಡಿದ್ದಾರೆ. ಆಗ ಅವರು ಕೇಳುತ್ತಿದ್ದದ್ದು ವಾರ್ಪ್ ಕಂಪನಿಯ ಎಲೆಕ್ಟ್ರಾನಿಕ್ ಸಂಗೀತ, ಹಳೆಯ ಜಾಝ್. ಗಿಟಾರ್ ಬಿಟ್ಟು, ಸರಿಯಾಗಿ ನುಡಿಸಲು ಬಾರದ ಪಿಯಾನೋ ಮುಂದೆ ಕೂತರು. 1999ರ ಮೊದಲಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಕೆಲಸ ಕೋಪನ್‌ಹೇಗನ್‌ಗೆ ಹೋಯಿತು, ಆಮೇಲೆ ಇಂಗ್ಲೆಂಡಿಗೆ ಬಂತು. ಗಿಟಾರ್ ನುಡಿಸುವ ಎಡ್ ಓಬ್ರಿಯನ್ ಆಗ ಇಂಟರ್‌ನೆಟ್‌ನಲ್ಲಿ ಡೈರಿ ಬರೆಯುತ್ತಿದ್ದರು. ಗಿಟಾರೇ ಇಲ್ಲದ ಹಾಡಿನಲ್ಲಿ ಗಿಟಾರಿಸ್ಟ್‌ಗೆ ಏನು ಕೆಲಸ ಎನ್ನುವ ಭಯವನ್ನು ಅವರೂ ಬಚ್ಚಿಟ್ಟುಕೊಂಡಿಲ್ಲ. ಅಂದರೆ ‘ಗಿಟಾರ್ ಎಲ್ಲಿ’ ಎಂದು ಮೊದಲು ಕೇಳಿದವರು ಫ್ಯಾನ್‌ಗಳಲ್ಲ. ಬ್ಯಾಂಡ್ ಒಳಗಿನವರೇ!

ಹಾಗಾದರೆ ಆಲ್ಬಂನಲ್ಲಿ ಏನಿದೆ? ಹತ್ತು ಹಾಡು, ಸುಮಾರು 50 ನಿಮಿಷ. ಮೊದಲ ಹಾಡು ಶುರುವಾಗುವುದು ಪ್ರಾಫೆಟ್-5 ಎಂಬ ಸಿಂಥಸೈಜರ್‌ನಿಂದ. ಹತ್ತು ಎಣಿಕೆಯ ಸುತ್ತು. ತಲೆದೂಗಲು ಹೊರಟರೆ ಎಲ್ಲೋ ಒಂದು ಕಡೆ ತಪ್ಪಿಹೋಗುತ್ತದೆ. ಯಾರ್ಕ್ ಅವರ ದನಿಯನ್ನು ಚೂರುಚೂರು ಮಾಡಿ ಹಿಂದೆ ಮುಂದೆ ಎಸೆದಿದ್ದಾರೆ. ಎರಡನೇ ಹಾಡಿನಲ್ಲಂತೂ ಆ ದನಿ ಮನುಷ್ಯರದೋ ಯಂತ್ರದ್ದೋ ತಿಳಿಯುವುದಿಲ್ಲ. ಅಲ್ಲಿ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ ಓಂಡ್ ಮಾರ್ಟೆನೋ ಎಂಬ ವಾದ್ಯ ಬಳಸಿದ್ದಾರೆ. 1928ರಲ್ಲಿ ಫ್ರಾನ್ಸಿನ ಮೋರಿಸ್ ಮಾರ್ಟೆನೋ ಲೋಕದ ಮುಂದಿಟ್ಟ ವಿದ್ಯುತ್ ವಾದ್ಯ ಅದು. ಗ್ರೀನ್‌ವುಡ್ ನುಡಿಸಿದ ಸ್ವರಗಳ ಮೇಲೆ ಯಾರ್ಕ್ ಅವರ ಮಾತನ್ನು ಕೂರಿಸಿದ್ದಾರೆ. ಹಾಡಿದ್ದು ಯಾರು ಅಂತ ಕೇಳಿದರೆ ಇಬ್ಬರ ಹೆಸರನ್ನೂ ಹೇಳಬೇಕು.

ಮೂರನೆಯದು, ನಾನು ಓಡಿಹೋದ ಹಾಡು. ಅದರ ಬೇಸ್ ಸಾಲು ಯಾರ್ಕ್ ಹದಿನಾರನೇ ವಯಸ್ಸಿನಲ್ಲಿ ಕಟ್ಟಿದ್ದು. ತುತ್ತೂರಿಯ ಗಲಾಟೆಗೆ ಜಾಝ್‌ನ ಚಾರ್ಲ್ಸ್ ಮಿಂಗಸ್ ಪ್ರೇರಣೆ. ನಾಲ್ಕನೆಯದರಲ್ಲಿ ತಂತಿವಾದ್ಯಗಳ ದೊಡ್ಡ ಮೇಳ. ಅದನ್ನು ಧ್ವನಿಮುದ್ರಿಸಿದ್ದು ಡಾರ್ಚೆಸ್ಟರ್ ಆಬಿ ಎಂಬ ಹಳೆಯ ಚರ್ಚಿನಲ್ಲಿ. ಕೊನೆಯ ಹಾಡಿನಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಂ. ಅದರ ಸುತ್ತ ಹಾರ್ಪ್ ತಂತಿಗಳು ಹಳೇ ಸಿನಿಮಾದ ಕೊನೆಯ ದೃಶ್ಯದ ಹಾಗೆ ಮಿನುಗುತ್ತವೆ.

ಎಂಟನೇ ಹಾಡು ‘ಇಡಿಯೊಟೆಕ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗ್ರೀನ್‌ವುಡ್ ಸಿಂಥಸೈಜರ್‌ಗಳಲ್ಲಿ ಏನೇನೋ ಪ್ರಯೋಗ ಮಾಡಿ ಸುಮಾರು 50 ನಿಮಿಷದ ಶಬ್ದ ತುಂಬಿ ಯಾರ್ಕ್ ಅವರ ಕೈಗೆ ಕೊಟ್ಟರು. ಯಾರ್ಕ್ ಅದರಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ತುಣುಕು ಆರಿಸಿಕೊಂಡು ಹಾಡು ಕಟ್ಟಿದರು. ಆ ತುಣುಕಿನಲ್ಲಿದ್ದ ನಾಲ್ಕು ಸ್ವರಗುಚ್ಛ ಗ್ರೀನ್‌ವುಡ್ ಅವರದ್ದಲ್ಲ. ಪಾಲ್ ಲ್ಯಾನ್ಸ್ಕಿ ಎಂಬ ಅಮೆರಿಕದ ಸಂಗೀತಗಾರ 1973ರಲ್ಲಿ ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರಿನಲ್ಲಿ ಮಾಡಿದ ಕೃತಿಯಿಂದ ಬಂದದ್ದು. ಒಪ್ಪಿಗೆ ಕೇಳಿದರು, ಅವರು ಕೊಟ್ಟರು. ವಿಶ್ವವಿದ್ಯಾಲಯದಲ್ಲಿ ಹತ್ತಾರು ಜನ ಕೇಳಿದ್ದ ಶಬ್ದ, ಇಪ್ಪತ್ತೇಳು ವರ್ಷದ ನಂತರ, ಕುಣಿಯುವ ಜನರ ಕಾಲಡಿಗೆ ಬಂತು. ನನಗೆ ಇಡೀ ಆಲ್ಬಂನಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಈಗ ಕೇಳುಗರ ಮಾತಿಗೆ ಬರೋಣ. 2000ದಲ್ಲಿ ಇಷ್ಟವಾಗದವರು ಏನಂದರು? ಗಿಟಾರ್ ಇಲ್ಲ. ಗುನುಗಿಕೊಳ್ಳಲು ರಾಗ ಇಲ್ಲ. ದನಿಯನ್ನು ಮುಚ್ಚಿಟ್ಟಿದ್ದಾರೆ. ಸಾಹಿತ್ಯ ಅರ್ಥವಾಗುವುದಿಲ್ಲ. ತಣ್ಣಗಿದೆ. ಇದು ರಾಕ್ ಆಲ್ಬಂ ಹೌದಾ ಅಂತಲೇ ಅನುಮಾನ.

ಈ ಆಕ್ಷೇಪಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಒಂದೂ ಸುಳ್ಳಲ್ಲ. ಗಿಟಾರ್ ಪೂರ್ತಿ ಮಾಯವಾಗಿಲ್ಲ ನಿಜ, ಆದರೆ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗಿ ಕೂತಿದೆ. ದನಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಸಾಹಿತ್ಯದ ಕಥೆ ಕೇಳಿ: ಯಾರ್ಕ್ ಸಾಲುಗಳನ್ನು ಚೀಟಿಯಲ್ಲಿ ಬರೆದು, ಟೋಪಿಯಲ್ಲಿ ಹಾಕಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಹಾಡು ಮಾಡಿದ್ದೂ ಉಂಟು. ಅರ್ಥವಾಗಲಿಲ್ಲ ಎಂದವರು ದಡ್ಡರೇನೂ ಅಲ್ಲ. ಅವರ ಕಿವಿ ಸರಿಯಾಗಿಯೇ ಇತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಕೆಲವು ವರ್ಷ ಕಳೆದ ಮೇಲೆ ಇದೇ ಆಲ್ಬಂ ಅನ್ನು ಹೊಗಳಿದವರ ಮಾತು ಎತ್ತಿಕೊಳ್ಳಿ. ಗಿಟಾರ್ ಬಿಟ್ಟ ಧೈರ್ಯ! ದನಿಯನ್ನೇ ವಾದ್ಯ ಮಾಡಿದ ಜಾಣ್ಮೆ! ಹೊಸ ಕಾಲದ ಒಂಟಿತನದ ತಣ್ಣನೆ ಗಾಳಿ! ಬೈದವರೂ ಹೊಗಳಿದವರೂ ಕೇಳಿಸಿಕೊಂಡದ್ದು ಅದೇ. ಬಳಸಿದ ಪದಗಳೂ ಹೆಚ್ಚುಕಡಿಮೆ ಅವೇ. ಎದುರಿನ ಚಿಹ್ನೆ ಮಾತ್ರ ಬದಲಾಯಿತು, ಮೈನಸ್ ಇದ್ದ ಜಾಗದಲ್ಲಿ ಪ್ಲಸ್ ಬಂತು. ಹಲವು ಪ್ರಕಾರ ಬೆರೆಸಿದ ಆಲ್ಬಂಗಳ ಬಗ್ಗೆ ಬಂದ ಅಭಿಪ್ರಾಯ ಓದುವಾಗ ನಾನು ಮೊದಲು ನಕ್ಷತ್ರ ಎಷ್ಟು ಅಂತ ನೋಡುವುದಿಲ್ಲ. ಏನು ಕೇಳಿಸಿತು ಅಂತ ಬರೆದಿದ್ದಾರೆ, ಅದನ್ನು ನೋಡುತ್ತೇನೆ. ‘ಮೂರನೇ ಹಾಡಿನ ತುತ್ತೂರಿ ತಲೆನೋವು ತಂತು’ ಎಂದು ಬರೆದವರು ನನಗೆ ‘ಮಾಸ್ಟರ್‌ಪೀಸ್’ ಎಂದು ಸುಮ್ಮನಾದವರಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ. ತುತ್ತೂರಿಯ ಗದ್ದಲ ಇಷ್ಟಪಡುವವರಿಗೆ ಆ ಬೈಗುಳವೇ ಜಾಹೀರಾತು, ಅಲ್ವಾ?

ಚಿಹ್ನೆ ಬದಲಾದದ್ದು ಯಾಕೆ? ಒಂದು ಉತ್ತರ ಎಲ್ಲರ ಬಾಯಲ್ಲೂ ಇದೆ: ಕೇಳ್ತಾ ಕೇಳ್ತಾ ಹಿಡಿಸುತ್ತದೆ. ಇದಕ್ಕೆ ಮನಃಶಾಸ್ತ್ರದ ಆಧಾರವೂ ಇದೆ. 1968ರಲ್ಲಿ ರಾಬರ್ಟ್ ಜಾಯಾಂಕ್ ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಮುಖಗಳ ಫೋಟೋಗಳನ್ನೂ ಜನರಿಗೆ ಮತ್ತೆ ಮತ್ತೆ ತೋರಿಸಿದರು. ಜಾಸ್ತಿ ಸಲ ಕಂಡದ್ದರ ಕಡೆಗೇ ಜನರ ಮನಸ್ಸು ವಾಲಿತು. ಆದರೆ ಈ ಉತ್ತರ ನನಗೆ ಪೂರ್ತಿ ಸಾಲದು. ಹತ್ತು ಸಲ ಕೇಳಿದ ಮೇಲೂ ಹಿಡಿಸದ ಹಾಡು ನನ್ನ ಹತ್ತಿರ ರಾಶಿ ಇವೆ. ಹತ್ತನೇ ಸಲಕ್ಕೆ ಇನ್ನೂ ಜಾಸ್ತಿ ಸಿಟ್ಟು ಬರಿಸಿದವೂ ಇವೆ.

ಅದೂ ಅಲ್ಲದೆ, ಹತ್ತು ಸಲ ಕೇಳುವ ಪುರುಸೊತ್ತು ಯಾರಿಗಿದೆ? ಆಗಲೇ ಈ ಪ್ರಶ್ನೆ ಎತ್ತಿದವರು ಕಾದಂಬರಿಕಾರ ನಿಕ್ ಹಾರ್ನ್‌ಬಿ. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅವರು ಬರೆದ ವಿಮರ್ಶೆಯ ಸಾರ ಇಷ್ಟು: ಇಂಥ ಆಲ್ಬಂಗೆ ರಾತ್ರಿ ರಾತ್ರಿ ಕೂತು ದುಡಿಯಬೇಕು, ಹದಿಹರೆಯದವರಿಗೆ ಅದಕ್ಕೆ ಸಮಯವಿದೆ, ಕೆಲಸ ಮಕ್ಕಳು ಇರುವವರಿಗೆ ಇಲ್ಲ. ಇದಕ್ಕಾಗಿ ಅವರನ್ನು ಎಷ್ಟೋ ಜನ ಗೇಲಿ ಮಾಡಿದರು. ನನಗೆ ಅದು ತೀರಾ ಪ್ರಾಮಾಣಿಕ ಮಾತು ಅನ್ನಿಸುತ್ತದೆ. ತೀರ್ಪನ್ನು ನಾನು ಒಪ್ಪುವುದಿಲ್ಲ. ಆದರೆ ಅಭಿಪ್ರಾಯದ ಹಿಂದೆ ಒಂದು ಮನೆ, ಒಂದು ದಿನಚರಿ, ದಿನದ ಕೊನೆಯಲ್ಲಿ ದಣಿದ ಕಿವಿ ಇರುತ್ತದೆ ಎಂದು ಅಷ್ಟು ನೇರವಾಗಿ ಹೇಳಿದ ವಿಮರ್ಶಕರು ಕಡಿಮೆ.

ಇನ್ನೊಂದು ಕಡೆಯಿಂದ ನೋಡಿ. ಆಲ್ಬಂನಿಂದ ಒಂದೂ ಸಿಂಗಲ್, ಅಂದರೆ ಬಿಡಿಯಾಗಿ ಬರುವ ಹಾಡು, ಬಿಡುಗಡೆ ಮಾಡಲಿಲ್ಲ. ಮಾಮೂಲಿ ಮ್ಯೂಸಿಕ್ ವಿಡಿಯೋ ಇಲ್ಲ, ಕೆಲವೇ ಸೆಕೆಂಡಿನ ಚಿತ್ರದ ತುಣುಕುಗಳು ಅಷ್ಟೇ. ಹಾಗಿದ್ದರೂ ಮೊದಲ ವಾರವೇ ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಮೊದಲ ಸ್ಥಾನಕ್ಕೆ ಏರಿತು. ‘ಓಕೆ ಕಂಪ್ಯೂಟರ್’ಗೂ ಅಲ್ಲಿ ಆ ಜಾಗ ಸಿಕ್ಕಿರಲಿಲ್ಲ. ಬಿಡುಗಡೆಗೆ ಮುಂಚೆಯೇ ಹಾಡುಗಳು, ಜನ ಇಂಟರ್‌ನೆಟ್‌ನಲ್ಲಿ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್‌ನಲ್ಲಿ ಸೋರಿಹೋಗಿದ್ದವು. ಬ್ಯಾಂಡ್ ಆ ವರ್ಷದ ಬೇಸಿಗೆಯಲ್ಲಿ ಹೊಸ ಹಾಡುಗಳನ್ನು ವೇದಿಕೆಯಲ್ಲೂ ನುಡಿಸಿತ್ತು. ಬೇಸ್ ನುಡಿಸುವ ಕಾಲಿನ್ ಗ್ರೀನ್‌ವುಡ್ ಒಂದು ಸಂಗತಿ ನೆನಪಿಸಿಕೊಂಡಿದ್ದಾರೆ. ಬಾರ್ಸಿಲೋನಾದಲ್ಲಿ ನುಡಿಸಿದ್ದು ಮರುದಿನವೇ ನ್ಯಾಪ್‌ಸ್ಟರ್‌ನಲ್ಲಿತ್ತಂತೆ. ಮೂರು ವಾರ ಬಿಟ್ಟು ಇಸ್ರೇಲಿಗೆ ಹೋದರೆ, ಇನ್ನೂ ಬಿಡುಗಡೆಯಾಗದ ಹಾಡುಗಳ ಸಾಹಿತ್ಯ ಅಲ್ಲಿಯ ಜನಕ್ಕೆ ಬಾಯಿಪಾಠ!

ಆ ಜನಕ್ಕೆ ಆಲ್ಬಂ ತಣ್ಣಗೆ ಅನ್ನಿಸಿರಲಾರದು. ಆಲ್ಬಂ ಬರುವ ಮುಂಚೆಯೇ ಅವರು ಆ ಹಾಡುಗಳನ್ನು ಕೇಳಿದ್ದು ಗುಂಪಿನಲ್ಲಿ, ಬೆವರಿನಲ್ಲಿ, ಕಣ್ಣೆದುರು ಐದು ಜನ ನುಡಿಸುವಾಗ. ಪತ್ರಿಕೆಯ ವಿಮರ್ಶಕರೋ, ಗಡುವು ಮುಗಿಯುವ ಮುಂಚೆ ಒಬ್ಬರೇ ಕೂತು ಒಂದೆರಡು ಸಲ ಕೇಳಿ ಬರೆಯಬೇಕು. ಒಂದೇ ಹಾಡಿಗೆ ಎರಡು ಬಾಗಿಲು. ಯಾವ ಬಾಗಿಲಿನಿಂದ ಬಂದೆವು ಎನ್ನುವುದೂ ಅಭಿಪ್ರಾಯದೊಳಗೆ ಸೇರಿಬಿಡುತ್ತದೆ.

ಮೂರನೇ ಬಾಗಿಲು ಪಕ್ಕದವರ ಮಾತು. ಇದರ ಬಗ್ಗೆ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಯಾರೂ ಕೇಳಿರದ ಬ್ಯಾಂಡ್‌ಗಳ 48 ಹಾಡು, 14 ಸಾವಿರಕ್ಕೂ ಹೆಚ್ಚು ಕೇಳುಗರು. ಕೆಲವರಿಗೆ ಹಾಡು ಮಾತ್ರ ಕೊಟ್ಟರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕವನ್ನೂ ತೋರಿಸಿದರು. ಹಾಡುಗಳು ಅವೇ, ಆದರೆ ಒಂದೊಂದು ಗುಂಪಿನಲ್ಲಿ ಒಂದೊಂದು ಹಾಡು ಗೆದ್ದಿತು. ತೀರಾ ಒಳ್ಳೆಯವು ಪೂರ್ತಿ ಸೋತದ್ದು ಕಡಿಮೆ, ತೀರಾ ಕೆಟ್ಟವು ಗೆದ್ದದ್ದೂ ಕಡಿಮೆ. ನಡುವಿನವುಗಳ ಹಣೆಬರಹ ಮಾತ್ರ ಮೊದಲು ಬಂದವರ ಕೈಯಲ್ಲಿತ್ತು.

‘ಕಿಡ್ ಎ’ಗೂ ಸ್ವಲ್ಪ ಹೀಗೆ ಆಗಿದೆ ಎನ್ನುವುದು ನನ್ನ ಗುಮಾನಿ. 2001ರಲ್ಲಿ ಆಲ್ಟರ್ನೇಟಿವ್ ವಿಭಾಗದ ಗ್ರ್ಯಾಮಿ ಬಂತು. ಹತ್ತು ವರ್ಷದ ಲೆಕ್ಕ ತೆಗೆಯುವ ಹೊತ್ತಿಗೆ ‘ರೋಲಿಂಗ್ ಸ್ಟೋನ್’, ‘ಪಿಚ್‌ಫೋರ್ಕ್’, ಲಂಡನ್ನಿನ ‘ಟೈಮ್ಸ್’ ಮೂರೂ ದಶಕದ ಅತ್ಯುತ್ತಮ ಆಲ್ಬಂ ಎಂದು ಇದನ್ನೇ ಆರಿಸಿದವು. ಅಲ್ಲಿಂದ ಗಾಳಿ ತಿರುಗಿತು. ಮೊದಲು ‘ಇಷ್ಟವಾಯಿತು’ ಎನ್ನಲು ಧೈರ್ಯ ಬೇಕಿತ್ತು, ಈಗ ‘ಇಷ್ಟವಾಗಲಿಲ್ಲ’ ಎನ್ನಲು ಬೇಕು. ಹೊಸಬರೊಬ್ಬರು ಬೇಸರವಾಯಿತು ಅಂದರೆ ಸಾಕು, ‘ನಿಮಗೆ ಅರ್ಥವಾಗಿಲ್ಲ, ಇನ್ನೊಮ್ಮೆ ಕೇಳಿ’ ಎಂದು ಹತ್ತು ಜನ ಮೈಮೇಲೆ ಬೀಳುತ್ತಾರೆ. ನನಗೆ ಈ ಮಾತು ಕಂಡರೆ ಆಗುವುದಿಲ್ಲ. ನಾನೂ ಹಿಂದೆ ಒಬ್ಬ ಗೆಳೆಯನಿಗೆ ಇದನ್ನೇ ಹೇಳಿದ್ದೆ. ಅವನು ಪಾಪ, ಹೆಡ್‌ಫೋನ್ ಹಾಕಿಕೊಂಡು ಇನ್ನೆರಡು ಸಲ ಕೇಳಿದ. ‘ಅರ್ಥವಾಯಿತು ಮಾರಾಯ, ಆದರೂ ಬೇಡ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೇಗೆ ವಾಪಸ್ ಹೋದೆ ಅಂತ ಕೇಳುತ್ತೀರೇನೋ. ದೊಡ್ಡ ಕಥೆ ಏನಿಲ್ಲ. ಒಂದು ರಾತ್ರಿ ನಿದ್ದೆ ಬರಲಿಲ್ಲ. ಆ ತುತ್ತೂರಿಯನ್ನು ದಾಟಿಸಿ ನಾಲ್ಕನೇ ಹಾಡಿನಿಂದ ಶುರು ಮಾಡಿದೆ. ಬೆಳಗಾಗುವ ಮುಂಚೆ ಕೊನೆಯ ಹಾಡಿಗೆ ಬಂದಿದ್ದೆ. ಆಮೇಲೆ ಹಿಂದೆ ಹೋಗಿ ತುತ್ತೂರಿ ಕೇಳಿದೆ. ಅದು ಅಷ್ಟೇ ಗದ್ದಲ ಮಾಡುತ್ತಿತ್ತು. ಈ ಸಲ ನನಗೆ ನಗು ಬಂತು. ಜನ ತುಂಬಿದ ರಸ್ತೆಯಲ್ಲಿ ಸಿಕ್ಕಿಕೊಂಡಾಗ ತಲೆಯೊಳಗೆ ಆಗುವ ಗಲಾಟೆ ಅದೇ ಅಲ್ವಾ, ಅನ್ನಿಸಿತು.

ಸರಿ, ಮಾತು ಸಾಕು. ಆ ಚೀಟಿ ಹೊರಗೆ ತೆಗೆಯಿರಿ. ನಾನೀಗ ಮೂರನೇ ಹಾಡನ್ನೇ ಹಾಕುತ್ತೇನೆ, ಆರು ನಿಮಿಷಕ್ಕೆ ಸ್ವಲ್ಪ ಕಡಿಮೆ ಇದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯುವ ಹಾಗಿಲ್ಲ. ಏನು ಕೇಳಿಸಿತೋ ಅದನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಹೆಸರು ಬೇಡ. ಹಾಡು ಮುಗಿದ ಮೇಲೆ ಟೋಪಿಯೊಂದು ಈ ಸಾಲಿನಿಂದ ಆ ಸಾಲಿಗೆ ಬರುತ್ತದೆ, ಅದರಲ್ಲಿ ಹಾಕಿ. ನಡುವೆ ಎದ್ದು ಹೋಗಬೇಕು ಅನ್ನಿಸಿದವರು ಹೋಗಬಹುದು. ಚೀಟಿ ಮಾತ್ರ ಕೊಟ್ಟು ಹೋಗಿ.

ದೀಪ ಸ್ವಲ್ಪ ಕಡಿಮೆ ಮಾಡುತ್ತೀರಾ?